ಟೆಸ್ಟ್ ಎಲ್ಲಾ ಹಸಿರು, ರಿಫಂಡ್ ಮಾತ್ರ ಹನ್ನೆರಡೂವರೆ ರೂಪಾಯಿ: ಮಾಕ್ ಎಲ್ಲಿರಬೇಕು, ಎಲ್ಲಿರಬಾರದು?

ಪ್ರಶ್ನೆ: ಸರ್, ನಾನು ಮೈಸೂರಿನಲ್ಲಿ ಜಾವಾ ಡೆವಲಪರ್, ನಾಲ್ಕು ವರ್ಷದ ಅನುಭವ. ಖಾಸಗಿ ಶಾಲೆಗಳಿಗೆ ಆನ್‌ಲೈನ್‌ನಲ್ಲಿ ಫೀಸು ಕಟ್ಟಿಸಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತೇವೆ. ಸುಮಾರು 1,400 ಯೂನಿಟ್ ಟೆಸ್ಟ್ (ಕೋಡಿನ ಒಂದೊಂದು ಚಿಕ್ಕ ಭಾಗವನ್ನು ಪರೀಕ್ಷಿಸುವ ಕೋಡ್) ಇವೆ, ಕವರೇಜ್, ಅಂದರೆ ಟೆಸ್ಟ್‌ನಲ್ಲಿ ಓಡುವ ಸಾಲುಗಳ ಪ್ರಮಾಣ, 85 ಪರ್ಸೆಂಟ್ ದಾಟಿದೆ. ಒಂದು ಕ್ಲಾಸ್ ಟೆಸ್ಟ್ ಮಾಡುವಾಗ ಅದು ಮುಟ್ಟುವ ಉಳಿದೆಲ್ಲಾ ಕ್ಲಾಸ್‌ಗಳನ್ನು ಮೊಕಿಟೊ ಲೈಬ್ರರಿಯಲ್ಲಿ ಮಾಕ್ ಮಾಡಬೇಕು, ಅಂದರೆ ನಿಜವಾದದ್ದರ ಬದಲು ನಾವು ಹೇಳಿಕೊಟ್ಟ ಉತ್ತರ ಕೊಡುವ ನಕಲಿ ಇಡಬೇಕು ಅನ್ನುವುದು ಟೀಮಿನ ನಿಯಮ. ಕಳೆದ ತಿಂಗಳು ಪೇಮೆಂಟ್ ಗೇಟ್‌ವೇ ಬದಲಾಯಿಸಿದೆವು. ಎಲ್ಲಾ ಟೆಸ್ಟ್ ಪಾಸ್. ರಿಲೀಸ್ ಆದ ಮೇಲೆ ₹1,250 ವಾಪಸ್ ಹೋಗಬೇಕಿದ್ದ ಪೋಷಕರಿಗೆ ₹12.50 ಹೋಗಿದೆ! ಆ ಟೆಸ್ಟ್ ಜೊತೆಗೆ ಕಳಿಸಿದ್ದೇನೆ. ಇದಲ್ಲದೆ, ರಿಯಾಯಿತಿ ಲೆಕ್ಕ ಹಾಕುವ ಕ್ಲಾಸನ್ನು ಎರಡಾಗಿ ಒಡೆದೆ. ಲೆಕ್ಕ ಒಂದು ಪೈಸೆಯೂ ಬದಲಾಗಲಿಲ್ಲ, ಆದರೂ ನೂರಕ್ಕೂ ಜಾಸ್ತಿ ಟೆಸ್ಟ್ ಕೆಂಪಾದವು. ಹೊಸದಾಗಿ ಬಂದ ಲೀಡ್ "ಮಾಕ್ ಎಲ್ಲಾ ಕಿತ್ತುಹಾಕಿ, ನಿಜವಾದ ಡೇಟಾಬೇಸ್ ಮೇಲೇ ಟೆಸ್ಟ್ ಮಾಡಿ" ಅನ್ನುತ್ತಾರೆ. ಹಳೆಯ ಸೀನಿಯರ್ "ಹಾಗೆ ಮಾಡಿದರೆ ಅದು ಯೂನಿಟ್ ಟೆಸ್ಟೇ ಅಲ್ಲ" ಅನ್ನುತ್ತಾರೆ. ಯಾರ ಮಾತು ಕೇಳಲಿ? 1,400 ಟೆಸ್ಟನ್ನೂ ಮತ್ತೆ ಬರೆಯಬೇಕಾ? ಪಕ್ಕದ ಟೀಮ್ ಪೈಥಾನ್‌ನಲ್ಲಿದೆ, ಅವರಿಗೂ ಇದೇ ಪಾಡು.

ಉತ್ತರ: ನಿಮ್ಮದು ಎರಡು ತೊಂದರೆ, ಒಂದಕ್ಕೊಂದು ಉಲ್ಟಾ. ರಿಫಂಡ್‌ನಲ್ಲಿ ಕೋಡ್ ತಪ್ಪಿದ್ದರೂ ಟೆಸ್ಟ್ ಹಸಿರು. ರಿಯಾಯಿತಿಯಲ್ಲಿ ಕೋಡ್ ಸರಿಯಿದ್ದರೂ ಟೆಸ್ಟ್ ಕೆಂಪು. ಹೀಗಾದರೆ ಟೆಸ್ಟ್ ಏನು ಹೇಳಿದರೂ ಯಾರೂ ನಂಬುವುದಿಲ್ಲ. ಲೀಡ್‌ಗೆ ಬಂದ ಸಿಟ್ಟು ಸಹಜ. ಸೀನಿಯರ್ ಕಾಪಾಡಲು ನೋಡುತ್ತಿರುವುದೂ ಸಣ್ಣ ವಿಷಯವಲ್ಲ: ಟೆಸ್ಟ್ ಬೇಗ ಓಡಬೇಕು, ಹೊರಗಿನ ಯಾವುದೋ ಸರ್ವರ್ ಮಲಗಿದ್ದಕ್ಕೆ ನಿಮ್ಮ ಬಿಲ್ಡ್ ಕೆಡಬಾರದು. ಇಬ್ಬರ ಮಾತನ್ನೂ ಅರ್ಧರ್ಧ ಕೇಳಬೇಕಾಗುತ್ತದೆ. ಯಾವ ಅರ್ಧ ಅನ್ನುವುದೇ ಪ್ರಶ್ನೆ.

ರಿಫಂಡ್‌ನಿಂದ ಶುರು ಮಾಡೋಣ. ನೀವು ಕಳಿಸಿದ ಟೆಸ್ಟ್‌ನಲ್ಲಿ ಗೇಟ್‌ವೇ ಒಂದು ಮಾಕ್. ರಿಫಂಡ್ ಮೆಥಡ್ ಕರೆದರೆ "ಸಕ್ಸೆಸ್" ಎಂದು ಉತ್ತರಿಸಲು ಅದಕ್ಕೆ ಮೊದಲೇ ಹೇಳಿಕೊಟ್ಟಿದ್ದೀರಿ. ಕೊನೆಯ ವೆರಿಫೈ ಸಾಲಿನಲ್ಲಿ, ಆ ಪೇಮೆಂಟ್ ಐಡಿ ಮತ್ತು 1250 ಎಂಬ ಮೊತ್ತ ಕೊಟ್ಟು ಒಂದು ಸಲ ಕರೆದಿದೆಯಾ ಎಂದು ನೋಡುತ್ತೀರಿ. ಕರೆದಿದೆ. ಪಾಸ್. ನಿಮ್ಮ ಹಳೆಯ ಗೇಟ್‌ವೇ ರೂಪಾಯಿಯಲ್ಲಿ ಮೊತ್ತ ಕೇಳುತ್ತಿತ್ತು ಅಂತ ಕಾಣುತ್ತದೆ. ಹೊಸದು ಪೈಸೆಯಲ್ಲಿ ಕೇಳುತ್ತದೆ. ಇದೇನೂ ವಿಚಿತ್ರವಲ್ಲ. ರೇಜರ್‌ಪೇ, ಸ್ಟ್ರೈಪ್ ತರಹದ ಗೇಟ್‌ವೇಗಳೂ ಮೊತ್ತವನ್ನು ಆ ಕರೆನ್ಸಿಯ ಅತಿ ಚಿಕ್ಕ ಘಟಕದಲ್ಲೇ ಕೇಳುತ್ತವೆ. ₹1,250 ಎಂದರೆ 1,25,000 ಎಂದು ಕಳಿಸಬೇಕು. ಫೀಸು ಕಟ್ಟಿಸಿಕೊಳ್ಳುವ ಕಡೆ ನೂರರಿಂದ ಗುಣಿಸಿದ್ದೀರಿ, ರಿಫಂಡ್ ಕಡೆ ಮರೆತಿದ್ದೀರಿ.

ಟೆಸ್ಟ್ ಬರೆದವರೂ ಕೋಡ್ ಬರೆದವರೂ ಒಬ್ಬರೇ. ಗೇಟ್‌ವೇ ಬಗ್ಗೆ ಅವರ ತಲೆಯಲ್ಲಿದ್ದ ಅದೇ ತಪ್ಪು ತಿಳಿವಳಿಕೆ ಕೋಡಿನಲ್ಲೂ ಇಳಿಯಿತು, ಮಾಕ್‌ನಲ್ಲೂ ಇಳಿಯಿತು. ಎರಡೂ ಒಂದಕ್ಕೊಂದು ಸರಿಹೊಂದಿದವು. ನಾಟಕದ ತಾಲೀಮಿಗೆ ಒಬ್ಬ ಪಾತ್ರಧಾರಿ ಬಂದಿಲ್ಲ ಅಂದುಕೊಳ್ಳಿ. ಅವನ ಮಾತನ್ನು ಇನ್ಯಾರೋ ಪುಸ್ತಕ ನೋಡಿಕೊಂಡು ಓದುತ್ತಾರೆ, ತಾಲೀಮು ಚೆನ್ನಾಗೇ ಆಗುತ್ತದೆ. ಆದರೆ ಅವನ ಕೈಯಲ್ಲಿರುವ ಪ್ರತಿ ಬೇರೆ, ಇವರು ಓದಿದ ಪ್ರತಿ ಬೇರೆ ಆಗಿದ್ದರೆ ಅದು ರಂಗದ ಮೇಲೇ ಗೊತ್ತಾಗುವುದು. ಮಾಕ್ ಇಷ್ಟೇ. ಎದುರಿಗಿರುವವರು ಹೀಗೆ ನಡೆದುಕೊಳ್ಳುತ್ತಾರೆ ಎಂಬ ನಿಮ್ಮ ನಂಬಿಕೆಯನ್ನು ಅದು ಓದಿ ಹೇಳುತ್ತದೆ. ಆ ನಂಬಿಕೆ ನಿಜವೋ ಸುಳ್ಳೋ ಎಂದು ನೋಡುವ ಇನ್ನೊಂದು ಟೆಸ್ಟ್ ಎಲ್ಲೋ ಒಂದು ಕಡೆ ಇರಲೇಬೇಕು. ನಿಮ್ಮ 1,400ರಲ್ಲಿ ಅದು ಒಂದೂ ಇಲ್ಲ. ನನ್ನ ಪ್ರಕಾರ ನಿಮ್ಮ ಇಡೀ ಸಮಸ್ಯೆಯ ಮುಖ್ಯ ಭಾಗ ಇದೇ.

ಲೀಡ್‌ಗೆ ಇಲ್ಲಿ ಒಂದು ಮಾತು. ಮಾಕ್ ತೆಗೆದು ಗೇಟ್‌ವೇಯ ಸ್ಯಾಂಡ್‌ಬಾಕ್ಸ್ (ನಿಜವಾದ ದುಡ್ಡು ಹೋಗದ, ಪರೀಕ್ಷೆಗೆಂದೇ ಇಟ್ಟ ವ್ಯವಸ್ಥೆ) ಮೇಲೆ ಇದೇ ಟೆಸ್ಟ್ ಓಡಿಸಿದ್ದರೂ ಇದು ಸಿಕ್ಕಿಬೀಳುತ್ತಿರಲಿಲ್ಲ. ಪೂರ್ತಿ ಮೊತ್ತ ಬಿಟ್ಟು ಭಾಗಶಃ ರಿಫಂಡ್ ಮಾಡುವುದು ಗೇಟ್‌ವೇಗಳಲ್ಲಿ ಮಾಮೂಲು. 1,25,000 ಪೈಸೆಯ ಪೇಮೆಂಟ್‌ಗೆ 1,250 ಪೈಸೆ ವಾಪಸ್ ಮಾಡು ಅಂದರೆ ಅದು ಚಕಾರವೆತ್ತದೆ ಮಾಡುತ್ತದೆ, "ಸಕ್ಸೆಸ್" ಅನ್ನುತ್ತದೆ. ಸಕ್ಸೆಸ್ ಬಂತಾ ಅಂತಷ್ಟೇ ನೋಡುವ ಟೆಸ್ಟ್ ಅಲ್ಲೂ ಹಸಿರೇ. ರಿಫಂಡ್ ಮಾಡಿದ ಮೇಲೆ ಆ ಪೇಮೆಂಟನ್ನು ಮತ್ತೆ ಗೇಟ್‌ವೇಯಿಂದಲೇ ಕೇಳಿ ತರಿಸಿ, ಎಷ್ಟು ವಾಪಸ್ ಹೋಗಿದೆ, ಇನ್ನೆಷ್ಟು ಉಳಿದಿದೆ ಎಂದು ನೋಡಬೇಕಿತ್ತು. "ನಿಜವಾದದ್ದರ ಮೇಲೆ ಓಡಿಸಿದೆ, ಇನ್ನು ಭಯವಿಲ್ಲ" ಅನ್ನುವುದೂ ಒಂದು ಭ್ರಮೆಯೇ.

ಈಗ ನಿಮ್ಮ ಟೀಮಿನ ನಿಯಮಕ್ಕೆ ಬರುತ್ತೇನೆ. ಒಂದು ಕ್ಲಾಸ್ ಬಿಟ್ಟು ಉಳಿದದ್ದೆಲ್ಲಾ ಮಾಕ್ ಆಗಬೇಕು ಅನ್ನುವುದು ಎಲ್ಲಿಂದಲೋ ಬಂದು ಗಟ್ಟಿಯಾಗಿ ಕೂತುಬಿಟ್ಟ ನಂಬಿಕೆ. ಮಾಕ್ ಆಬ್ಜೆಕ್ಟ್ ಎಂಬ ವಿಚಾರವನ್ನು 2000ದಲ್ಲಿ ಒಂದು ಪ್ರಬಂಧದ ಮೂಲಕ ಮುಂದಿಟ್ಟವರು ಟಿಮ್ ಮೆಕಿನನ್, ಸ್ಟೀವ್ ಫ್ರೀಮನ್, ಫಿಲಿಪ್ ಕ್ರೇಗ್. ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಗುಂಪು ಅದು. ಅದಕ್ಕೇ ಮಾಕ್ ಹೆಚ್ಚಾಗಿ ಬಳಸುವ ರೀತಿಗೆ ಇವತ್ತಿಗೂ ಲಂಡನ್ ಶಾಲೆ ಎಂಬ ಹೆಸರಿದೆ. 2004ರಲ್ಲಿ ಫ್ರೀಮನ್, ಮೆಕಿನನ್ ಇನ್ನಿಬ್ಬರೊಂದಿಗೆ ಬರೆದ ಇನ್ನೊಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ಹೇಳಿದ್ದು: ನಿಮ್ಮದೇ ಆದ ಇಂಟರ್‌ಫೇಸ್‌ಗಳನ್ನು ಮಾತ್ರ ಮಾಕ್ ಮಾಡಿ, ಬೇರೆಯವರ ಲೈಬ್ರರಿಯನ್ನು ಮಾಕ್ ಮಾಡಬೇಡಿ. ಅವರಿಗೆ ಮಾಕ್ ಬೇಕಾಗಿದ್ದು ಯಾವ ಆಬ್ಜೆಕ್ಟ್ ಯಾರಿಗೆ ಏನು ಹೇಳಬೇಕು ಎಂಬ ವಿನ್ಯಾಸ ಹುಡುಕಲು. ಕಂಡ ಕಂಡ ಕ್ಲಾಸಿಗೆಲ್ಲಾ ಮಾಕ್ ಹಚ್ಚಿ ಎಂದು ಅವರೂ ಹೇಳಲಿಲ್ಲ. ಇನ್ನೊಂದು ಪಂಥದವರಂತೂ ಕ್ಲಾಸ್‌ಗಳನ್ನು ನಿಜವಾಗಿಯೇ ಜೋಡಿಸಿ, ಒಂದು ನಡವಳಿಕೆಯನ್ನೇ ಯೂನಿಟ್ ಎಂದುಕೊಂಡು ಟೆಸ್ಟ್ ಮಾಡುತ್ತಾರೆ. ಸೀನಿಯರ್‌ಗೆ ಇದನ್ನು ಹೇಳಿ. "ಯೂನಿಟ್ ಟೆಸ್ಟೇ ಅಲ್ಲ" ಎಂಬ ವಾದ ಅಲ್ಲಿಗೆ ನಿಲ್ಲುತ್ತದೆ.

ನಿಮ್ಮ ರಿಯಾಯಿತಿ ಟೆಸ್ಟ್‌ಗಳು ಯಾಕೆ ಮುರಿದವು? ಅಣ್ಣ-ತಂಗಿ ಒಂದೇ ಶಾಲೆಯಲ್ಲಿದ್ದರೆ ಎರಡನೇ ಮಗುವಿಗೆ ಫೀಸಿನಲ್ಲಿ ಇಷ್ಟು ಪರ್ಸೆಂಟ್ ಕಡಿಮೆ ಎಂಬ ಸಾಮಾನ್ಯ ನಿಯಮ ತೆಗೆದುಕೊಳ್ಳಿ. ನಿಮ್ಮ ಶೈಲಿಯಲ್ಲಿ ಅದರ ಟೆಸ್ಟ್ ಹೇಗಿರುತ್ತದೆ ಎಂದು ನನಗೆ ಕಣ್ಣಿಗೆ ಕಟ್ಟುತ್ತದೆ. ವಿದ್ಯಾರ್ಥಿ ರೆಪಾಸಿಟರಿ (ಡೇಟಾಬೇಸಿನಲ್ಲಿ ಇಡುವ, ತರುವ ಕ್ಲಾಸ್) ಮಾಕ್, ಫೀಸಿನ ಪಟ್ಟಿ ಮಾಕ್, ರಿಯಾಯಿತಿ ಲೆಕ್ಕ ಮಾಕ್, ರಸೀದಿ ಮಾಡುವುದು ಮಾಕ್, ಮೇಲ್ ಕಳಿಸುವುದು ಮಾಕ್. ಹದಿನೈದು ಇಪ್ಪತ್ತು ಸಾಲು ಬರೀ ಹೇಳಿಕೊಡುವುದೇ. ರಿಯಾಯಿತಿ ಮಾಕ್‌ಗೆ "500 ಅಂತ ಹೇಳು" ಅಂತ ನೀವೇ ಹೇಳಿ, ಆಮೇಲೆ ಫೀಸಿನಲ್ಲಿ 500 ಕಡಿಮೆಯಾಗಿದೆಯಾ ಎಂದು ನೋಡುತ್ತೀರಿ. ಕೊನೆಗೆ ಯಾರು ಯಾರನ್ನು ಎಷ್ಟು ಸಲ ಕರೆದರು ಎಂದು ಐದಾರು ವೆರಿಫೈ. ಈ ಟೆಸ್ಟ್ ಓದಿದವನಿಗೆ ರಿಯಾಯಿತಿಯ ನಿಯಮ ಏನು ಎಂಬುದು ಗೊತ್ತಾಗುವುದೇ ಇಲ್ಲ. ಕೋಡ್ ಒಳಗೆ ಹೇಗೆ ಹೆಣೆದಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಹೆಣಿಗೆ ಬದಲಾಯಿಸಿದ ಕೂಡಲೇ ಟೆಸ್ಟ್ ಹರಿಯುತ್ತದೆ. ನೀವು ಕ್ಲಾಸ್ ಒಡೆದಾಗ ಆಗಿದ್ದು ಅದೇ.

ಇದರಲ್ಲಿ ಇನ್ನೊಂದು ಅಪಾಯ ಅಡಗಿದೆ. ಹೇಳಿಕೊಡದ ಮೆಥಡ್ ಕರೆದರೂ ಮೊಕಿಟೊ ಮಾಕ್ ಸಿಟ್ಟಾಗುವುದಿಲ್ಲ. ಸಂಖ್ಯೆ ಕೇಳಿದರೆ 0, ಹೌದು-ಇಲ್ಲ ಕೇಳಿದರೆ ಫಾಲ್ಸ್, ಲಿಸ್ಟ್ ಕೇಳಿದರೆ ಖಾಲಿ ಲಿಸ್ಟ್, ಬೇರೆ ಆಬ್ಜೆಕ್ಟ್ ಕೇಳಿದರೆ ಸಾಮಾನ್ಯವಾಗಿ ನಲ್. ಪೈಸೆಯನ್ನು ಪೂರ್ಣಾಂಕವಾಗಿ ಇಟ್ಟುಕೊಂಡಿರುವ ನಿಮ್ಮಂಥ ಕೋಡಿನಲ್ಲಿ ಈ 0 ಬಹಳ ಮೋಸ ಮಾಡುತ್ತದೆ. ರಿಯಾಯಿತಿ ಹೇಳಿಕೊಡಲು ಮರೆತರೆ ರಿಯಾಯಿತಿ 0, ದಂಡ ಹೇಳಿಕೊಡಲು ಮರೆತರೆ ದಂಡ 0. "ಪೂರ್ತಿ ಫೀಸು ಬಂತು, ಪಾಸ್."

ಲೆಕ್ಕದ ಕೋಡಿಗೆ ಮಾಕ್ ಬೇಕಿಲ್ಲ. ರಿಯಾಯಿತಿ, ದಂಡ, ಕಂತು, ಇವೆಲ್ಲಾ ಒಳಗೆ ಸಂಖ್ಯೆ ಹೋಗಿ ಹೊರಗೆ ಸಂಖ್ಯೆ ಬರುವ ಕೆಲಸ. ಡೇಟಾಬೇಸಿನಿಂದ ತರುವುದನ್ನು ಮೊದಲೇ ತಂದುಕೊಳ್ಳಿ. ಲೆಕ್ಕದ ಭಾಗಕ್ಕೆ ಬರೀ ಮಾಹಿತಿ ಕೊಡಿ, ಉತ್ತರ ಬರಲಿ. "ಎರಡನೇ ಮಗು, ಫೀಸು 5,000, ರಿಯಾಯಿತಿ 10 ಪರ್ಸೆಂಟ್, ಕಟ್ಟಬೇಕಾದ್ದು 4,500." ಒಂದು ಟೆಸ್ಟ್ ಎರಡು ಸಾಲು. ಇಂಥ ಟೆಸ್ಟ್ ಸಾವಿರ ಇದ್ದರೂ ಚಿಟಿಕೆ ಹೊಡೆಯುವುದರಲ್ಲಿ ಓಡುತ್ತವೆ, ಒಳಗೆ ಕ್ಲಾಸನ್ನು ಎರಡಲ್ಲ ಹತ್ತು ಮಾಡಿದರೂ ಮುರಿಯುವುದಿಲ್ಲ. ಶಾಲೆಯ ಅಕೌಂಟೆಂಟ್‌ಗೆ ತೋರಿಸಿದರೆ ಅವರೇ ತಪ್ಪು ಹುಡುಕಿಕೊಡುತ್ತಾರೆ. ತಮಾಷೆಗೆ ಹೇಳುತ್ತಿಲ್ಲ, ಒಮ್ಮೆ ಮಾಡಿ ನೋಡಿ.

ದಂಡದ ವಿಷಯದಲ್ಲಿ ಕೈಕೊಡುವುದು ತಾರೀಕು. ಕೋಡ್ ಒಳಗೆ ನೇರವಾಗಿ "ಈಗ ಎಷ್ಟು ಗಂಟೆ" ಎಂದು ಕೇಳಬೇಡಿ. 2014ರಲ್ಲಿ ಬಂದ ಜಾವಾ 8ರಲ್ಲೇ ಕ್ಲಾಕ್ ಎಂಬ ಕ್ಲಾಸ್ ಇದೆ. ಅದನ್ನು ಹೊರಗಿನಿಂದ ಕೊಡಿ, ಟೆಸ್ಟ್‌ನಲ್ಲಿ ನಿಂತ ಗಡಿಯಾರ ಕೊಡಿ. ಇದಕ್ಕೂ ಮಾಕ್ ಬೇಡ. ಏಪ್ರಿಲ್ 1ರ ಬೆಳಗಿನ ಜಾವ 2 ಗಂಟೆಗೆ ಕಟ್ಟಿದ ಫೀಸು, ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯದಲ್ಲಿ) ಓಡುವ ಸರ್ವರ್‌ಗೆ ಇನ್ನೂ ಮಾರ್ಚ್ 31ರ ರಾತ್ರಿ 8:30. ಆ ಒಂದು ಟೆಸ್ಟ್ ಇವತ್ತೇ ಬರೆಯಿರಿ.

ಹಾಗಾದರೆ ಮಾಕ್ ಯಾವಾಗ ಬೇಕು? ನಿಮ್ಮ ಕೋಡ್ ಹೊರಗಿನ ಜಗತ್ತಿನ ಜೊತೆ ಮಾತಾಡುವ ಗಡಿಯಲ್ಲಿ ಬೇಕು. ಅದರಲ್ಲೂ ಆ ಜಗತ್ತು ಕೆಟ್ಟದಾಗಿ ನಡೆದುಕೊಂಡಾಗ ಏನಾಗುತ್ತದೆ ಎಂದು ನೋಡಲು ಅದಕ್ಕಿಂತ ಸುಲಭದ ದಾರಿ ಇಲ್ಲ. ರಿಫಂಡ್ ಕೇಳಿದಿರಿ, ಗೇಟ್‌ವೇ ಮೂವತ್ತು ಸೆಕೆಂಡ್ ಸುಮ್ನೆ ಕೂತು ಟೈಮ್‌ಔಟ್ ಆಯಿತು. ದುಡ್ಡು ಹೋಯಿತೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಕೋಡ್ ತಾನಾಗಿ ಇನ್ನೊಮ್ಮೆ ರಿಫಂಡ್ ಕಳಿಸುತ್ತದಾ? ಕಳಿಸಿದರೆ ಅದೇ ಗುರುತಿನ ಸಂಖ್ಯೆ ಇಟ್ಟು ಕಳಿಸುತ್ತದಾ, ಇಲ್ಲಾ ಹೊಸದಾ? ಹೊಸದಾಗಿದ್ದರೆ ಪೋಷಕರಿಗೆ ಎರಡು ಸಲ ದುಡ್ಡು ಹೋಗಬಹುದು. ಸ್ಯಾಂಡ್‌ಬಾಕ್ಸ್‌ನಲ್ಲಿ ಬೇಕೆಂದಾಗ ಟೈಮ್‌ಔಟ್ ಮಾಡಿಸುವುದು ಕಷ್ಟ. ಮಾಕ್‌ಗೆ ಒಂದೇ ಸಾಲು. ಒಂದೇ ಪೇಮೆಂಟಿನ ವೆಬ್‌ಹುಕ್ (ಗೇಟ್‌ವೇ ತಾನಾಗಿ ಕಳಿಸುವ ಸೂಚನೆ) ಎರಡು ಸಲ ಬಂದರೆ, ಗೇಟ್‌ವೇ 500 ಎರರ್ ಕೊಟ್ಟರೆ, ಇವಕ್ಕೆಲ್ಲಾ ಹೀಗೇ. ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ನಾನು ನೋಡಿದ್ದೇನೆ, ಎಲ್ಲವೂ ಚೆನ್ನಾಗಿ ನಡೆಯುವ ದಾರಿಗೆ ನೂರು ಮಾಕ್ ಇರುತ್ತವೆ, ಟೈಮ್‌ಔಟ್‌ಗೆ ಒಂದೂ ಇರುವುದಿಲ್ಲ.

ಈ ಗಡಿಯಲ್ಲಿ ನೀವು ಮಾಡಬೇಕಾದ್ದು: ಗೇಟ್‌ವೇಯವರು ಕೊಟ್ಟ ಲೈಬ್ರರಿಯನ್ನು ಇಡೀ ಕೋಡಿನಲ್ಲಿ ಹರಡಬೇಡಿ. ನಿಮ್ಮದೇ ಒಂದು ತೆಳ್ಳಗಿನ ಇಂಟರ್‌ಫೇಸ್ ಇಡಿ. ಅದಕ್ಕೆ ಬರೀ ಸಂಖ್ಯೆ ಕೊಡುವ ಬದಲು ಹಣ ಎಂಬ ಒಂದು ಟೈಪ್ ಕೊಡಿ. ರೂಪಾಯಿಯಿಂದ ಪೈಸೆಗೆ ಬದಲಾಗುವುದು ಒಂದೇ ಜಾಗದಲ್ಲಿ, ಈ ಇಂಟರ್‌ಫೇಸಿನ ಹಿಂದಿನ ಕ್ಲಾಸಿನಲ್ಲಿ ಆಗಲಿ. ಒಳಗಿನ ಟೆಸ್ಟ್‌ಗಳೆಲ್ಲಾ ಈ ಇಂಟರ್‌ಫೇಸನ್ನು ಮಾಕ್ ಮಾಡಲಿ, ಅಡ್ಡಿಯಿಲ್ಲ. ಆ ತೆಳ್ಳಗಿನ ಕ್ಲಾಸಿಗೆ ಮಾತ್ರ ಬೇರೆ ಥರದ ಟೆಸ್ಟ್. ವೈರ್‌ಮಾಕ್ ಬಳಸಿ ಲ್ಯಾಪ್‌ಟಾಪಿನಲ್ಲೇ ಒಂದು ಸುಳ್ಳು ಸರ್ವರ್ ನಿಲ್ಲಿಸಿ, ಹೊರಗೆ ಹೋಗುವ ರಿಕ್ವೆಸ್ಟಿನಲ್ಲಿ 125000 ಇದೆಯಾ ನೋಡಿ. ಆದರೆ ವೈರ್‌ಮಾಕ್‌ನಲ್ಲಿರುವುದೂ ನಿಮ್ಮ ನಂಬಿಕೆಯೇ ಅಲ್ವಾ? ಅದಕ್ಕೇ ಮೇಲೊಂದು ನಾಲ್ಕೈದು ಟೆಸ್ಟ್ ಸ್ಯಾಂಡ್‌ಬಾಕ್ಸ್ ಮೇಲೆ ಓಡಬೇಕು: ಕಟ್ಟಿ, ವಾಪಸ್ ಮಾಡಿ, ಮೊತ್ತ ಮತ್ತೆ ಕೇಳಿ ತಾಳೆ ನೋಡುವಂಥವು. ಇವನ್ನು ಪ್ರತಿ ಕಮಿಟ್‌ಗೆ ಓಡಿಸಬೇಡಿ, ರಾತ್ರಿ ಒಮ್ಮೆ ಓಡಿಸಿ. ಸ್ಯಾಂಡ್‌ಬಾಕ್ಸ್ ಆಗಾಗ ಬಿದ್ದಿರುತ್ತದೆ, ಆಗ ಕೆಂಪು ಬಂದರೆ ಜನ ನೋಡುವುದನ್ನೇ ಬಿಡುತ್ತಾರೆ. ಸ್ಯಾಂಡ್‌ಬಾಕ್ಸ್ ಮತ್ತು ಲೈವ್ ಪೂರ್ತಿ ಒಂದೇ ಥರ ಇರುತ್ತವೆ ಎಂಬ ಖಾತ್ರಿಯೂ ಇಲ್ಲ. ಹಾಗಾಗಿ ಗೇಟ್‌ವೇ ಬದಲಾಯಿಸಿದ ಮೊದಲ ದಿನ ಲೈವ್‌ನಲ್ಲಿ ನಿಮ್ಮದೇ ಕಾರ್ಡಿನಿಂದ ಹತ್ತು ರೂಪಾಯಿ ಕಟ್ಟಿ ವಾಪಸ್ ತರಿಸಿ ನೋಡಿ.

ಎಸ್‌ಎಂಎಸ್ ಕೂಡ ಇದೇ ಜಾತಿ. ನಮ್ಮಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2018ರ ನಿಯಮದಂತೆ ಕಂಪನಿಗಳು ಕಳಿಸುವ ಮೆಸೇಜಿನ ಟೆಂಪ್ಲೇಟ್ (ಪಠ್ಯದ ಮಾದರಿ) ಆಪರೇಟರ್‌ಗಳ ಡಿಎಲ್‌ಟಿ ಎಂಬ ದಾಖಲೆ ವ್ಯವಸ್ಥೆಯಲ್ಲಿ ನೋಂದಣಿಯಾಗಿರಬೇಕು. ಯಾರೋ ಒಬ್ಬರು "ಫೀಸು ಬಂದಿದೆ" ಎಂಬುದನ್ನು "ಫೀಸು ತಲುಪಿದೆ" ಎಂದು ಚೆಂದ ಮಾಡಿದರೆ ಮಾಕ್ ಖುಷಿಯಿಂದ ಒಪ್ಪುತ್ತದೆ, ಆಪರೇಟರ್ ತಡೆದುಬಿಡುತ್ತಾರೆ. ನೋಂದಾಯಿಸಿದ ಪಠ್ಯವನ್ನೇ ಒಂದು ಫೈಲಿನಲ್ಲಿಟ್ಟು, ಕೋಡ್ ತಯಾರಿಸುವ ಮೆಸೇಜ್ ಅದಕ್ಕೆ ಹೊಂದುತ್ತದಾ ಎಂದು ಒಂದು ಟೆಸ್ಟ್ ಬರೆಯಿರಿ. ಮಾಕ್ ಇದ್ದರೂ ಆಗ ತೊಂದರೆಯಿಲ್ಲ.

ಡೇಟಾಬೇಸ್ ವಿಷಯದಲ್ಲಿ ನಾನು ನಿಮ್ಮ ಲೀಡ್ ಕಡೆ. ರೆಪಾಸಿಟರಿಯನ್ನು ಮಾಕ್ ಮಾಡಿದಾಗ ಡೇಟಾಬೇಸಿಗೆ ಕೊಡುವ ಆದೇಶ, ಅಂದರೆ ಎಸ್‌ಕ್ಯೂಎಲ್, ಟೆಸ್ಟ್ ಆಗುವುದೇ ಇಲ್ಲ, ತಪ್ಪು ಇರುವುದು ಬಹಳ ಸಲ ಅಲ್ಲೇ. ಟೆಸ್ಟ್‌ಕಂಟೇನರ್ಸ್ ಎಂಬ ಲೈಬ್ರರಿ ಬಳಸಿದರೆ ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಓಡಿಸುವ ಟೂಲ್) ನಿಜವಾದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಎದ್ದು, ಟೆಸ್ಟ್ ಮುಗಿದ ಮೇಲೆ ಹೋಗುತ್ತದೆ. ಬೆಲೆ ಇದೆ: ಮೊದಲು ಏಳಲು ಕೆಲವು ಸೆಕೆಂಡ್ ಬೇಕು, ಎಲ್ಲರ ಲ್ಯಾಪ್‌ಟಾಪಿನಲ್ಲೂ ಬಿಲ್ಡ್ ಸರ್ವರ್‌ನಲ್ಲೂ ಡಾಕರ್ ಇರಬೇಕು, ಒಂದು ಟೆಸ್ಟ್ ಬಿಟ್ಟುಹೋದ ಸಾಲು ಇನ್ನೊಂದು ಟೆಸ್ಟನ್ನು ಕೆಡಿಸದಂತೆ ನೋಡಿಕೊಳ್ಳಬೇಕು. ಹಗುರವಾಗಿರಲಿ ಅಂತ ಬೇರೆ ಡೇಟಾಬೇಸ್ ಇಟ್ಟು ಟೆಸ್ಟ್ ಮಾಡುವುದು ನನಗೆ ಇಷ್ಟವಿಲ್ಲ. ಎಚ್‌2 ಎಂಬ ಹಗುರ ಡೇಟಾಬೇಸಿಗೆ ಪೋಸ್ಟ್‌ಗ್ರೆಸ್ ಥರ ನಡೆದುಕೊಳ್ಳುವ ಮೋಡ್ ಇದೆ, ಆದರೆ ಎಲ್ಲದರಲ್ಲೂ ಅದೇ ಥರ ಅಲ್ಲ. ಎಸ್‌ಕ್ಯೂಲೈಟ್ ಇನ್ನೂ ಸಡಿಲ. ಹತ್ತು ಅಕ್ಷರದ ಕಾಲಮ್ ಅಂದಿದ್ದರೂ ಐವತ್ತು ಅಕ್ಷರ ತೆಗೆದುಕೊಳ್ಳುತ್ತದೆ, ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ. ಫಾರಿನ್ ಕೀ ತಪಾಸಣೆಯೂ ಅದರಲ್ಲಿ ನೀವಾಗಿ ಆನ್ ಮಾಡದಿದ್ದರೆ ಸಾಮಾನ್ಯವಾಗಿ ಆಫ್.

ನಡುವಿನ ದಾರಿ ಫೇಕ್. ಒಂದು ಹ್ಯಾಷ್‌ಮ್ಯಾಪ್ ಇಟ್ಟುಕೊಂಡು ನೀವೇ ಬರೆದ, ಸೇವ್ ಮಾಡಿದ್ದನ್ನು ಮತ್ತೆ ಹುಡುಕಿಕೊಡುವ ಚಿಕ್ಕ ರೆಪಾಸಿಟರಿ. ಹೇಳಿಕೊಡುವ ಹದಿನೈದು ಸಾಲು ಎಲ್ಲಾ ಟೆಸ್ಟ್‌ಗಳಿಂದಲೂ ಒಟ್ಟಿಗೆ ಹೋಗುತ್ತವೆ. ಅಪಾಯ ಏನೆಂದರೆ, ದಿನ ಕಳೆದಂತೆ ಫೇಕ್ ಒಂದು ಕಡೆ, ನಿಜವಾದದ್ದು ಇನ್ನೊಂದು ಕಡೆ ಹೋಗುತ್ತದೆ. ಅದಕ್ಕೆ ಮದ್ದು ಇದೆ. ರೆಪಾಸಿಟರಿಯ ಟೆಸ್ಟ್‌ಗಳನ್ನು ಒಂದು ಅಬ್‌ಸ್ಟ್ರಾಕ್ಟ್ ಕ್ಲಾಸಿನಲ್ಲಿ ಬರೆದು, ಅದೇ ಟೆಸ್ಟ್‌ಗಳನ್ನು ಫೇಕ್ ಮೇಲೂ ಪೋಸ್ಟ್‌ಗ್ರೆಸ್ ಮೇಲೂ ಓಡಿಸಿ. ಒಂದು ಪಾಸ್ ಒಂದು ಫೇಲ್ ಆದರೆ ಫೇಕ್ ಸುಳ್ಳು ಹೇಳುತ್ತಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಕವರೇಜ್ 85 ಅಂದಿರಿ. ಕವರೇಜ್ ಎಣಿಸುವುದು ಯಾವ ಸಾಲು ಓಡಿತು ಎಂಬುದನ್ನು. ಓಡಿದ್ದು ಸರಿಯಾ ಎಂದು ಅದು ಕೇಳುವುದಿಲ್ಲ. ನಿಮ್ಮ ರಿಫಂಡ್ ಸಾಲೂ ಕವರ್ ಆಗಿತ್ತು. ಜಾವಾದಲ್ಲಿ ಪಿಟ್ ಎಂಬ ಟೂಲ್ ಇದೆ. ನಿಮ್ಮ ಕೋಡಿನಲ್ಲಿ ಕೂಡಿಸುವುದನ್ನು ಕಳೆಯುವುದು ಮಾಡಿ, ದೊಡ್ಡದು ಎಂಬುದನ್ನು ಚಿಕ್ಕದು ಮಾಡಿ, ಬೇಕೆಂದೇ ಕೆಡಿಸಿ ನೋಡುತ್ತದೆ. ಕೆಡಿಸಿದರೂ ಒಂದು ಟೆಸ್ಟೂ ಕೆಂಪಾಗದಿದ್ದರೆ ಆ ಜಾಗಕ್ಕೆ ಕಾವಲಿಲ್ಲ ಎಂದರ್ಥ. ಇಡೀ ಪ್ರಾಜೆಕ್ಟ್ ಮೇಲೆ ಓಡಿಸಿದರೆ ಗಂಟೆಗಟ್ಟಲೆ ಆಗಬಹುದು. ಫೀಸು, ದಂಡ, ರಿಯಾಯಿತಿ ಪ್ಯಾಕೇಜ್‌ಗಳ ಮೇಲೆ ಮಾತ್ರ ಓಡಿಸಿ. ಗೇಟ್‌ವೇ ಬಗ್ಗೆ ನಿಮ್ಮ ತಿಳಿವಳಿಕೆ ತಪ್ಪಿದ್ದರೆ ಪಿಟ್‌ಗೂ ಗೊತ್ತಾಗುವುದಿಲ್ಲ, ಅದನ್ನು ಅದರಿಂದ ನಿರೀಕ್ಷಿಸಬೇಡಿ.

1,400 ಟೆಸ್ಟ್ ಮತ್ತೆ ಬರೆಯಬೇಡಿ. ಮ್ಯಾನೇಜರ್ ಒಪ್ಪುವುದಿಲ್ಲ, ಒಪ್ಪಿದರೂ ಅರ್ಧಕ್ಕೆ ನಿಲ್ಲುತ್ತದೆ. ದುಡ್ಡು ಮುಟ್ಟುವ ದಾರಿಗಳಿಗೆ, ಅಂದರೆ ಕಟ್ಟುವುದು, ವಾಪಸ್, ಕಂತು, ದಂಡ, ಇವಕ್ಕೆ ಮೊದಲು ಹೊರಗಿನಿಂದ ನೋಡುವ ಕೆಲವೇ ಟೆಸ್ಟ್ ಬರೆಯಿರಿ: ಒಳಗಿನ ಕ್ಲಾಸ್‌ಗಳೆಲ್ಲಾ ನಿಜ, ಡೇಟಾಬೇಸ್ ನಿಜ, ಗೇಟ್‌ವೇ ಇಂಟರ್‌ಫೇಸ್ ಮಾತ್ರ ಮಾಕ್. ಉಳಿದವನ್ನು ಹಾಗೇ ಬಿಡಿ. ಲೆಕ್ಕ ಬದಲಾಗದೆ ಯಾವುದಾದರೂ ಹಳೆಯ ಟೆಸ್ಟ್ ಮುರಿದಾಗ ಅದನ್ನು ರಿಪೇರಿ ಮಾಡಬೇಡಿ. ಅದು ಕಾಯುತ್ತಿದ್ದ ನಿಯಮಕ್ಕೆ ಮಾಕ್ ಇಲ್ಲದ ಟೆಸ್ಟ್ ಬರೆದು ಹಳೆಯದನ್ನು ಅಳಿಸಿ. ಅಳಿಸಲು ಭಯವಾದರೆ ಅಳಿಸುವ ಮೊದಲು ಮತ್ತು ಆಮೇಲೆ ಪಿಟ್ ಓಡಿಸಿ ನೋಡಿ. ಮೊಕಿಟೊದ ಸ್ಟ್ರಿಕ್ಟ್ ಸ್ಟಬ್ಸ್ (ಹೇಳಿಕೊಟ್ಟದ್ದು ಬಳಕೆಯಾಗದಿದ್ದರೆ ಟೆಸ್ಟ್ ಫೇಲ್ ಮಾಡುವ ಸೆಟ್ಟಿಂಗ್) ಆನ್ ಇದೆಯಾ ನೋಡಿ. ಜೆಯೂನಿಟ್ 5ರ ಮೊಕಿಟೊ ಎಕ್ಸ್‌ಟೆನ್ಷನ್‌ನಲ್ಲಿ ಅದು ತಾನಾಗೇ ಇರುತ್ತದೆ. ಆನ್ ಇದ್ದೂ ಅಲ್ಲಲ್ಲಿ "ಲೀನಿಯೆಂಟ್" ಎಂದು ಬರೆದು ಬಾಯಿ ಮುಚ್ಚಿಸಿದ್ದರೆ, ಮೊದಲು ಆ ಟೆಸ್ಟ್‌ಗಳನ್ನು ತೆರೆದು ನೋಡಿ. ಹೇಳಿಕೊಟ್ಟದ್ದು ಯಾರಿಗೂ ಬೇಕಿಲ್ಲ ಎಂದರೆ ಆ ಟೆಸ್ಟ್ ನೋಡಬೇಕಾದ ದಾರಿಗೆ ಹೋಗುತ್ತಲೇ ಇಲ್ಲ ಎಂಬ ಅನುಮಾನ ಪಡಬೇಕು.

ಪೈಥಾನ್ ಟೀಮಿಗೆ ಮೇಲಿನದೆಲ್ಲಾ ಅನ್ವಯಿಸುತ್ತದೆ, ಜೊತೆಗೆ ಅವರಿಗೆ ಎರಡು ಹೆಚ್ಚಿನ ಗುಂಡಿಗಳಿವೆ. 3.3ರಿಂದ ಪೈಥಾನ್ ಜೊತೆಗೇ ಬರುವ ಮಾಕ್ ಲೈಬ್ರರಿಯಲ್ಲಿ, ಮಾಕ್ ಮೇಲೆ ಇಲ್ಲದ ಮೆಥಡ್ ಕರೆದರೂ ಅದು ತಕ್ಷಣ ಹುಟ್ಟಿಸಿಕೊಡುತ್ತದೆ. "ಅಸರ್ಟ್ ಕಾಲ್ಡ್ ಒನ್ಸ್" ಎಂಬ ಮೆಥಡ್ ಬಂದಿದ್ದೇ 3.6ರಲ್ಲಿ. 3.5ಕ್ಕಿಂತ ಹಿಂದೆ ಅದನ್ನು ಬರೆದವರ ಟೆಸ್ಟ್ ಏನನ್ನೂ ನೋಡದೆ ಪಾಸಾಗುತ್ತಿತ್ತು. "ಅಸರ್ಟ್" ಬಿಟ್ಟು ಬರೀ "ಕಾಲ್ಡ್ ಒನ್ಸ್ ವಿತ್" ಎಂದು ಬರೆದರೆ 3.12ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಇವತ್ತಿಗೂ ಸುಮ್ಮನೆ ಪಾಸ್. ಎಲ್ಲಾ ಕಡೆ ಆಟೋಸ್ಪೆಕ್ ಬಳಸಿದರೆ ನಿಜವಾದ ಕ್ಲಾಸಿನಲ್ಲಿ ಇಲ್ಲದ ಹೆಸರನ್ನೂ, ತಪ್ಪು ಸಂಖ್ಯೆಯ ಆರ್ಗ್ಯುಮೆಂಟನ್ನೂ ಅದು ಒಪ್ಪುವುದಿಲ್ಲ. ಎರಡನೆಯದು ಪ್ಯಾಚ್ ಮಾಡುವ, ಅಂದರೆ ನಿಜವಾದದ್ದನ್ನು ತೆಗೆದು ಮಾಕ್ ಕೂರಿಸುವ ಜಾಗ. ರಿಫಂಡ್ ಮಾಡ್ಯೂಲ್ ಗೇಟ್‌ವೇ ಕ್ಲಾಸನ್ನು ತನ್ನೊಳಗೆ ಹೆಸರು ಹಿಡಿದು ಇಂಪೋರ್ಟ್ ಮಾಡಿಕೊಂಡಿದ್ದರೆ, ಪ್ಯಾಚ್ ಮಾಡಬೇಕಾದ್ದು ರಿಫಂಡ್ ಮಾಡ್ಯೂಲಿನ ಒಳಗಿನ ಆ ಹೆಸರನ್ನು. ಗೇಟ್‌ವೇ ಮಾಡ್ಯೂಲಿನಲ್ಲಿ ಮಾಡಿದರೆ ಮಾಕ್ ಒಂದು ಕಡೆ ಕೂತಿರುತ್ತದೆ, ಟೆಸ್ಟ್ ಓಡುವಾಗ ನಿಜವಾದ ಗೇಟ್‌ವೇಗೆ ಕರೆ ಹೋಗುತ್ತದೆ. ಅವರ ಟೆಸ್ಟ್ ಸೆಟ್ಟಿಂಗ್‌ನಲ್ಲಿ ಲೈವ್ ಕೀ ಇಲ್ಲ ತಾನೇ ಎಂದು ಇವತ್ತೇ ಕೇಳಿ.